ಅನುಭವದ ಕಾಲಮ್ಮು

ರೋಲಾ ಬಸ್ ನಿಲ್ದಾಣದ ಹಿಂದೆ, ಮೊಬೈಲ್ ರಿಪೇರಿಗೂ ಮಲಬಾರಿ ಚಹಾಕ್ಕೂ ನಡುವೆ
ಒಂದೂವರೆ ಮೇಜಿನ ಟೈಪಿಂಗ್ ಸೆಂಟರು ನಮ್ಮದು.
ಹದಿನಾಲ್ಕು ವರ್ಷದಿಂದ ಇಲ್ಲಿ
ಜನರನ್ನು ಕಾಲಮ್ಮುಗಳಿಗೆ ಇಳಿಸುತ್ತಿದ್ದೇನೆ:
ಹೆಸರು, ಪಾಸ್‌ಪೋರ್ಟು, ತಾಯಿಯ ಹೆಸರು, ಧರ್ಮ.
ಅರಬಿ ಬಲದಿಂದ, ಇಂಗ್ಲಿಷು ಎಡದಿಂದ;
ಕನ್ನಡ ಬಾಯೊಳಗೇ ಇರುತ್ತದೆ, ಯಾರಾದರೂ ಬರುವವರೆಗೆ.

ಅವತ್ತು ಬಂದವನು ಕೂರಲಿಲ್ಲ.
ಕುರ್ಚಿ ತೋರಿಸಿದರೂ ನಿಂತೇ ಹೇಳಿದ
ಪ್ಲಾಸ್ಟಿಕ್ ಫೈಲನ್ನು ಎದೆಗೊತ್ತಿಕೊಂಡು:
ಅಡಿವೆಪ್ಪ ತಳವಾರ. ಮಾಜಿ ಹವಾಲ್ದಾರ್. ಗೋಕಾಕದ ಹತ್ತಿರ.
"ಒಂದ್ ಬಯೋಡಾಟಾ ಆಗಬೇಕಾಗಿತ್ರಿ ಅಕ್ಕಾರ."
ವಿಸಿಟ್ ವೀಸಾದಲ್ಲಿ ಹನ್ನೊಂದು ದಿನ ಉಳಿದಿತ್ತು.

ಅನುಭವ?
"ಹದಿನೇಳು ವರ್ಷ."
ಯಾವುದರಲ್ಲಿ?
ಸ್ವಲ್ಪ ಹೊತ್ತು ಏಸಿಯ ಕಡೆ ನೋಡಿದ.
"ಹೇಸರಗತ್ತಿರಿ."

ಬೆರಳು ಕೀಲಿಯ ಮೇಲೇ ನಿಂತಿತು.
ಹಿಮದ ಬೆಟ್ಟಕ್ಕೆ ಸೀಮೆಎಣ್ಣೆ, ಹಿಟ್ಟು, ಗುಂಡು, ಟಪಾಲು ಹೊರುವವು,
ಇಳಿವಾಗ ಒಮ್ಮೊಮ್ಮೆ ಮನುಷ್ಯರನ್ನು.
ಹೇರು ಎಡಬಲ ಸಮ ಇರಬೇಕು; ಅರ್ಧ ಕೇಜಿ ವಾಲಿದರೂ
ಅದರ ಬೆನ್ನಿಗೆ ಹುಣ್ಣು, ಇಬ್ಬರಿಗೂ ಪ್ರಪಾತ.
ಅವಕ್ಕೆ ಹೆಸರಿಲ್ಲ, ಗೊರಸಿನ ಮೇಲೆ ನಂಬರು.
"ನಾ ಮಾತ್ರ ಒಂದಕ್ಕ ಗಂಗವ್ವ ಅಂತಿದ್ದೆ."

ಗಂಗವ್ವನನ್ನು ಯಾವ ಕಾಲಮ್ಮಿಗೆ ಹಾಕಲಿ?
ಸರಕು ಸಾಗಣೆ, ಭಾರ ಸಮತೋಲ, ದಾಸ್ತಾನು ಲೆಕ್ಕ,
ಹಾಗಂತ ಇಂಗ್ಲಿಷಿನಲ್ಲಿ ಬರೆದೆ, ಕನ್ನಡದಲ್ಲಿ ಓದಿದೆ.
ತಲೆಯಾಡಿಸಿದ,
ಪಕ್ಕದ ಮನೆಯವರ ಮಗನ ಸುದ್ದಿ ಕೇಳಿದವನಂತೆ.

ಗುರುತಿನ ಚಿಹ್ನೆ?
"ಎಡಗಾಲಿಂದು ಎರಡು ಬೆರಳಿಲ್ಲ. ಬರೀಲೇಬೇಕೇನ್ರಿ?"
ಅದನ್ನು ನೋಡಿಯೇ ಅಜ್ಮಾನಿನ ಸೆಕ್ಯುರಿಟಿ ಕಂಪನಿ ಬೇಡ ಎಂದಿತ್ತಂತೆ.
ಅದಕ್ಕೂ ಮೊದಲು ಬೆಳಗಾವಿಯಲ್ಲಿ ಆರು ವರ್ಷ
ಎಟಿಎಮ್ಮಿನ ಗಾಜಿನ ಡಬ್ಬಿ ಕಾದಿದ್ದ.
ಮಗಳದು ನರ್ಸಿಂಗು ಮೂರನೇ ವರ್ಷ.

ಬೆಂಚಿನ ಮೇಲೆ ಕೂತಿದ್ದ ಮೆಹ್ದಿ, ಸ್ಕರ್ದುವಿನವನು,
ಮೀನಿನ ಕೋಲ್ಡ್ ಸ್ಟೋರೇಜಿನ ಫೋರ್‌ಮನ್, ಲೇಬರ್ ಕಾರ್ಡಿಗಾಗಿ ಬಂದವನು.
ನಮ್ಮ ಮಾತು ಅವನಿಗೆ ತಿಳಿಯದು.
ಅವನು ನೋಡುತ್ತಿದ್ದುದು ಚಪ್ಪಲಿಯನ್ನು,
ಬೆರಳಿರಬೇಕಾದಲ್ಲಿ ಕಾಣುವ ರಬ್ಬರನ್ನು.
ಹಿಂದಿಯೋ ಉರ್ದುವೋ, ಮೆಲ್ಲಗೆ ಕೇಳಿದ: ಯಾವ ವರ್ಷ?
ಎರಡು ಸಾವಿರದ ಮೂರು. ಫೆಬ್ರವರಿ.

ಮೆಹ್ದಿ ಏನನ್ನೋ ಎಣಿಸಿದ. ಹೇಳಲಿಲ್ಲ.
ಇಬ್ಬರೂ ಕಿಟಕಿಯತ್ತ ತಿರುಗಿದರು. ಹೊರಗೆ ನಲವತ್ತಾರು ಡಿಗ್ರಿ,
ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಪಾರಿವಾಳಗಳು ಕಚ್ಚಾಡುತ್ತಿದ್ದವು.
ನಾನು ಪ್ರಿಂಟರಿಗೆ ಹಾಳೆ ತುಂಬಿದೆ,
ಅದರಲ್ಲಿ ಹಾಳೆ ಇದ್ದರೂ.

ಆಮೇಲೆ ಮಾತು ಸಂಬಳಕ್ಕೆ ಬಂತು.
ಒಳಗೆ ಮೈನಸ್ ಇಪ್ಪತ್ತೈದು. ಇಪ್ಪತ್ತು ನಿಮಿಷ ಒಳಗೆ, ಹತ್ತು ಹೊರಗೆ.
ಸಾವಿರದ ಆರುನೂರು ದಿರಹಂ, ಓವರ್‌ಟೈಮ್ ಬೇರೆ, ಜಾಕೆಟ್ಟು ಕಂಪನಿಯದು.
"ಹುಡುಗರು ಒಂದು ವಾರ ನಿಲ್ಲುವುದಿಲ್ಲ.
ಹಿಮ ಅಂದರೆ ಐಸ್‌ಕ್ರೀಮು ಅಂದುಕೊಂಡು ಬರುತ್ತಾರೆ, ಪಾಪ.
ಉಸಿರು ಹೇಗೆ ತೆಗೆದುಕೊಳ್ಳಬೇಕು, ನಿನಗೆ ಗೊತ್ತಲ್ಲ?"
ಅಡಿವೆಪ್ಪ ಮೊದಲ ಸಲ ನಕ್ಕ.
"ಮೂಗಿಂದ. ಸಣ್ಣಗೆ."
ಆಗ ಕೂತ.

ಹದಿನೈದು ದಿರಹಂ ಫೀಸು ಬೇಡವೆಂದರೆ ಕೇಳಲಿಲ್ಲ,
ಲೆಕ್ಕ ಲೆಕ್ಕರಿ ಅಂದ.

ನಾಲ್ಕು ತಿಂಗಳ ಮೇಲೆ ಮತ್ತೆ ಬಂದ.
ಮೈಯೆಲ್ಲ ಬಂಗುಡೆಯ ವಾಸನೆ, ಕೈಯಲ್ಲಿ ಖರ್ಜೂರದ ಪೊಟ್ಟಣ.
ಫೋರ್ಕ್‌ಲಿಫ್ಟ್ ಲೈಸೆನ್ಸಿಗೆ ಅರ್ಜಿ ಹಾಕಬೇಕಂತೆ; ಮೆಹ್ದಿಯೇ ಹೇಳಿ ಕಳಿಸಿದ್ದು.
"ಅದರಾಗೂ ಹೇರು ಸಮ ಇರಬೇಕ್ರಿ, ಇಲ್ಲಾಂದ್ರ ವಾಲತೈತಿ."

ಈ ಸಲ ಅನುಭವ ಕೇಳಲಿಲ್ಲ, ನಾನೇ ತುಂಬಿದೆ.
ವಾಹನದ ನಂಬರು?
ಚೀಟಿ ನೋಡದೆ, ಸೆಟೆದು, ಒಂದೇ ಉಸಿರಿಗೆ
ನಾಲ್ಕು ಅಂಕಿ ಹೇಳಿದ. ಹೊಡೆದೆ.
"ಏ ತಡೀರಿ ಅಕ್ಕಾರ," ಅಂದ, ಜೇಬು ತಡಕುತ್ತಾ,
"ಅದು ಗಂಗವ್ವಂದು."